ನನ್ನ ಕಾಲಿನ ಮೇಲೆ ಅಮ್ಮ ಹೊತ್ತ ಹರಕೆ

ನನ್ನ ಎಡ ಮಣಿಕಟ್ಟು ಮುರಿದದ್ದು ನ್ಯೂಮಾರ್ಕೆಟ್‌ಗಿಂತ ಉತ್ತರಕ್ಕಿರುವ ಒಂದು ಸಣ್ಣ ಗುಡ್ಡದಲ್ಲಿ, ಜನವರಿಯ ಒಂದು ಶನಿವಾರ. ಕಾಲಿಗೆ ಸ್ಕೀ ಹಾಕಿಕೊಂಡು ಹಿಮದ ಮೇಲೆ ಇಳಿಯುವಾಗ ಅಲ್ಲ. ಇಳಿದು ಮುಗಿಸಿ, ಮತ್ತೆ ಗುಡ್ಡದ ಮೇಲಕ್ಕೆ ಒಯ್ಯುವ ಲಿಫ್ಟಿನ ಸಾಲಿನಲ್ಲಿ ನಿಲ್ಲಲು ಬರುವಾಗ. ಮುಂದಿದ್ದವರು ಇದ್ದಕ್ಕಿದ್ದಂತೆ ನಿಂತರು. ಅವರಿಗೆ ಡಿಕ್ಕಿ ಹೊಡೆಯಬಾರದೆಂದು ನಾನು ಪಕ್ಕಕ್ಕೆ ವಾಲಿ ಕೈಯೂರಿದೆ. ಬೀಳುವಾಗ ಕೈಯೂರಬಾರದು ಎಂದು ಮೊದಲ ಪಾಠದಲ್ಲೇ ಹೇಳಿಕೊಟ್ಟಿದ್ದರು. ಗೊತ್ತಿದ್ದೂ ಊರಿದೆ. ಅಷ್ಟು ನನ್ನ ತಪ್ಪು, ಅದನ್ನು ಯಾರು ಕೇಳಿದರೂ ಒಪ್ಪಿಕೊಳ್ಳುತ್ತೇನೆ.

ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿದರು. ಮೂಳೆ ನೆಟ್ಟಗೆ ಕೂಡದಿದ್ದರೆ ಆಪರೇಷನ್ ಬೇಕಾಗಬಹುದು, ಎರಡು ವಾರ ಬಿಟ್ಟು ನೋಡೋಣ ಎಂದರು. ಎರಡು ವಾರದ ನಂತರದ ಎಕ್ಸ್‌ರೇಯಲ್ಲಿ ಮೂಳೆ ನೆಟ್ಟಗೇ ಕೂಡುತ್ತಿತ್ತು. ನಮ್ಮ ಮನೆಯಿರುವ ಮಾರ್ಕಮ್‌ಗೆ ವಾಪಸು ಬರುವಾಗ ಕಾರು ಓಡಿಸುತ್ತಿದ್ದ ಅಮ್ಮ, ಕೆಂಪು ದೀಪದಲ್ಲಿ ನಿಂತಾಗ ಸ್ಟಿಯರಿಂಗ್ ಬಿಟ್ಟು ಎರಡೂ ಕೈ ಜೋಡಿಸಿದಳು.

"ನಂಜುಂಡ ನಡೆಸಿಕೊಟ್ಟ. ನಾನು ಹರಕೆ ಹೊತ್ತಿದ್ದೆ ಕಣೇ."

"ಏನಂತ?"

"ಆಪರೇಷನ್ ಇಲ್ದೆ ಕೈ ಸರಿಹೋದ್ರೆ, ನನ್ನ ಮಗಳು ಇನ್ಮೇಲೆ ಆ ಹಲಗೆ ಕಾಲಿಗೆ ಕಟ್ಟಲ್ಲ ಅಂತ."

ಹಿಂದಿನ ಕಾರಿನವರು ಹಾರ್ನ್ ಮಾಡಿದರು. ದೀಪ ಹಸಿರಾಗಿತ್ತು.

ನನಗೆ ತಕ್ಷಣ ಸಿಟ್ಟು ಬರಲಿಲ್ಲ. ನನಗೆ ಎಲ್ಲವೂ ತಡವಾಗಿ ಬರುತ್ತದೆ. ಮನೆಗೆ ಬಂದು, ಒಂದೇ ಕೈಯಲ್ಲಿ ಬೂಟು ಬಿಚ್ಚುವಾಗ ಬಂತು. ದೇವರಮನೆಯೆಂದು ಮಾಡಿಕೊಂಡಿರುವ ಅಡುಗೆಮನೆಯ ಕಪಾಟಿನಲ್ಲಿ, ಅರಿಸಿನದ ಬಟ್ಟೆಯಲ್ಲಿ ಕಟ್ಟಿದ ಪುಟ್ಟ ಮುಡಿಪು ಇತ್ತು. ಎರಡು ವಾರದಿಂದ ಅದು ಅಲ್ಲೇ ಇತ್ತು. ನನ್ನ ಹೆಸರು ಹೇಳಿ ಕಟ್ಟಿದ್ದು, ನನ್ನನ್ನು ಒಂದು ಮಾತೂ ಕೇಳದೆ.

ಸ್ಕೀ ನನಗೆ ಯಾಕೆ ಬೇಕಿತ್ತು ಎಂದು ಅಮ್ಮನಿಗೆ ನಾನು ಹೇಳಿರಲಿಲ್ಲ. ಹೇಳಿಕೊಳ್ಳುವಂಥ ದೊಡ್ಡ ಕಾರಣವೂ ಅದಲ್ಲ. ನನ್ನ ಕೆಲಸ ಮಾರ್ಕಮ್‌ನ ಒಂದು ಆಫೀಸಿನಲ್ಲಿ. ಬೇರೆಯವರು ಬರೆದ ಪ್ರೋಗ್ರಾಮು ಎಲ್ಲಿ ಮುರಿಯುತ್ತದೆ ಎಂದು ಹುಡುಕುವುದು. ಪ್ರತಿ ಚಳಿಗಾಲ ಆಫೀಸಿನವರೆಲ್ಲ ಒಂದು ದಿನ ಆ ಗುಡ್ಡಕ್ಕೆ ಹೋಗುತ್ತೇವೆ. ಮೊದಲ ಮೂರು ವರ್ಷ ನಾನು, ಇನ್ನಿಬ್ಬರು ನಮ್ಮವರು, ಬೆಂಕಿಯ ಹತ್ತಿರದ ಮೇಜಿನಲ್ಲಿ ಕುಳಿತು ಹಾಟ್ ಚಾಕೊಲೇಟ್ ಕುಡಿದೆವು. ಉಳಿದವರು ಬಂದು ತಮ್ಮ ಬ್ಯಾಗು, ಶೂ, ಫೋನು ನಮ್ಮ ಮುಂದಿಟ್ಟು ಹೋಗುತ್ತಿದ್ದರು. "ನೀವು ಹೇಗೂ ಇಲ್ಲೇ ಇರ್ತೀರಲ್ಲ" ಎಂಬಂತೆ. ಯಾರೂ ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಮೂರನೆಯ ವರ್ಷ ನನ್ನ ಮುಂದೆ ಹನ್ನೊಂದು ಬ್ಯಾಗುಗಳಿದ್ದವು. ನಾಲ್ಕನೆಯ ವರ್ಷ ಆ ಮೇಜಿಗೆ ನಾನು ಹೋಗಲಿಲ್ಲ. ಹೊಸಬರ ಪಾಠಕ್ಕೆ ಹೆಸರು ಕೊಟ್ಟೆ.

ಆ ಪಾಠದಲ್ಲಿ ನನ್ನ ಬಿಟ್ಟರೆ ಎಲ್ಲರೂ ಐದಾರು ವರ್ಷದ ಮಕ್ಕಳು. ಸ್ಕೀಗಳ ಮುಂದಿನ ತುದಿ ಕೂಡಿಸಿ ಹಿಂದಿನದನ್ನು ಅಗಲಿಸಿದರೆ ವೇಗ ಕಡಿಮೆಯಾಗುತ್ತದೆ. ಮಕ್ಕಳಿಗೆ ತಿಳಿಯಲೆಂದು ಅದಕ್ಕೆ ಪಿಟ್ಜಾ ಅನ್ನುತ್ತಾರೆ, ಪಿಟ್ಜಾದ ಚೂರಿನ ಆಕಾರವಾದ್ದರಿಂದ. ಇಪ್ಪತ್ತೇಳನೆಯ ವಯಸ್ಸಿನಲ್ಲಿ, ಎರಡು ಡಿಗ್ರಿ ಇಟ್ಟುಕೊಂಡು, "ಪಿಟ್ಜಾ! ಪಿಟ್ಜಾ!" ಎಂದು ಟೀಚರು ಕೂಗಿದಂತೆಲ್ಲ ಕಾಲು ಅಗಲಿಸುತ್ತಾ ನಾನು ಇಳಿದೆ. ನಾಚಿಕೆಯಾಗಲಿಲ್ಲ. ಕೆಳಗೆ ತಲುಪಿದಾಗ ನಾನು ಎಲ್ಲಿ ನಿಲ್ಲಬೇಕೆಂದುಕೊಂಡಿದ್ದೆನೋ ಅಲ್ಲೇ ನಿಂತಿದ್ದೆ. ಅಷ್ಟು ಸಾಕಾಗಿತ್ತು.

ಮುಡಿಪು ನೋಡಿದ ದಿನ ಸಂಜೆಯೇ ಅಮ್ಮನೊಂದಿಗೆ ಜಗಳವಾಯಿತು. ನಮ್ಮ ಮನೆಯ ಜಗಳದಲ್ಲಿ ಯಾರೂ ದನಿಯೇರಿಸುವುದಿಲ್ಲ. ಅಮ್ಮ ಬೀನ್ಸ್ ಹೆಚ್ಚುತ್ತಲೇ ಇದ್ದಳು.

"ನೀನು ಬೆಳ್ಳಿ ಕೈ ಮಾಡಿಸಿ ಹಾಕ್ತೀನಿ ಅಂತ ಹೇಳ್ಕೋಬಹುದಿತ್ತು. ಕಾಫಿ ಬಿಡ್ತೀನಿ ಅನ್ನಬಹುದಿತ್ತು. ನಿನ್ನದು ಏನಾದ್ರೂ ಬಿಡಬೇಕಿತ್ತಮ್ಮ."

"ನನ್ನದು ಅಂತ ನನಗೆ ಇನ್ನೇನಿದೆ? ನೀನೇ ಅಲ್ವಾ?"

"ನಾನು ನಿನ್ನದಲ್ಲ."

ಚಾಕು ಒಂದು ಕ್ಷಣ ನಿಂತಿತು. ಮತ್ತೆ ಹೆಚ್ಚತೊಡಗಿದಳು.

"ನೀನು ಇಪ್ಪತ್ತೆರಡು ವರ್ಷ ನ್ಯೂಮಾರ್ಕೆಟ್ ಆಫೀಸಿಗೆ ಹೋದೆ," ಎಂದೆ. "ಫೋರ್-ಓ-ಫೋರ್ ಹೈವೇನಲ್ಲಿ ಮುಂದೆ ಏನೂ ಕಾಣದಂಥ ಹಿಮದಲ್ಲೂ ಓಡಿಸಿಕೊಂಡು ಹೋದೆ. ಒಂದು ಸಲ ಕಾರು ಸುತ್ತು ತಿರುಗಿ ಹೋಗಿತ್ತು. ಆಗ ಯಾರು ಹರಕೆ ಹೊತ್ತು ನಿನ್ನ ಕಾರಿನ ಕೀ ದೇವರಿಗೆ ಒಪ್ಪಿಸಿದರು?"

"ಅದು ಕೆಲಸಕ್ಕೆ ಹೋಗಿದ್ದು."

"ಇದು ನನಗೋಸ್ಕರ ಹೋಗಿದ್ದು."

"ಅದೇ ನಾನು ಹೇಳ್ತಿರೋದು," ಎಂದಳು ಅಮ್ಮ. ಸುಮ್ಮನೆ ತಂದುಕೊಳ್ಳುವ ಅಪಾಯ ಬೇರೆ, ಸಂಬಳ ತರುವ ಅಪಾಯ ಬೇರೆ. ನಮ್ಮ ಮನೆಯಲ್ಲಿ ಮೊದಲಿನಿಂದ ಇದ್ದ ಲೆಕ್ಕ ಅದು. ನಾನು ಅದನ್ನು ಒಪ್ಪಲಿಲ್ಲ. ಆದರೆ ಒಪ್ಪಲಿಲ್ಲ ಎಂದು ಜೋರಾಗಿ ಹೇಳಲೂ ಇಲ್ಲ. ಮುಂದಿನ ಚಳಿಗಾಲ ಶುರುವಾದಾಗ ನಾನು ಮಾಡಿದ್ದು ಬೇರೆ: ಶನಿವಾರ ಬೆಳಿಗ್ಗೆ "ಆಫೀಸಿನ ಕೆಲಸ ಇದೆ" ಎಂದು ಹೇಳಿ ಗುಡ್ಡಕ್ಕೆ ಹೋಗತೊಡಗಿದೆ. ಸ್ಕೀ, ಬೂಟು ಎಲ್ಲ ಅಲ್ಲೇ ಬಾಡಿಗೆಗೆ ಸಿಗುತ್ತವೆ, ಮನೆಗೆ ತರುವ ಸಾಮಾನೇ ಇಲ್ಲ. ಹತ್ತು ಶನಿವಾರ ಹೋದೆ. ಹತ್ತನೆಯ ಸಲ ಆ ಗುಡ್ಡದ ಅತಿ ಕಡಿದಾದ ಇಳಿಜಾರಿನಲ್ಲಿ ಬೀಳದೆ ಇಳಿದೆ. ಮನೆಗೆ ಬಂದರೆ ಅಮ್ಮ, "ಪಾಪ, ವೀಕೆಂಡಲ್ಲೂ ಇಷ್ಟು ಸುಸ್ತು ಮಾಡಿಸ್ತಾರೆ" ಎಂದು ಬಿಸಿ ನೀರು ಕೊಟ್ಟಳು. ಅದನ್ನು ಕುಡಿಯುವಾಗ ಆದ ನಾಚಿಕೆ ಪಿಟ್ಜಾ ಪಾಠದಲ್ಲಿ ಆಗಿರಲಿಲ್ಲ. ಇನ್ನು ಕದ್ದು ಹೋಗುವುದಿಲ್ಲ, ಮಾಡುವುದಾದರೆ ಅಮ್ಮನ ಎದುರಿಗೇ ಮಾಡುತ್ತೇನೆ ಎಂದು ಆ ದಿನ ನಿಶ್ಚಯಿಸಿದೆ.

ಅವಕಾಶ ಬೇಗನೆ ಬಂತು. ಅಪ್ಪ ಹತ್ತಿರದ ಊರಾದ ಪಿಕರಿಂಗ್‌ನ ಕೆಲಸದಿಂದ ನಿವೃತ್ತರಾದರು, ಮಾರ್ಚಿನಲ್ಲಿ ಸ್ವಿಟ್ಜರ್ಲೆಂಡಿಗೆ ಹೋಗುವುದೆಂದಾಯಿತು. ಒಂದು ವಾರ, ಆಲ್ಪ್ಸ್ ಪರ್ವತದ ಬುಡದ ಒಂದು ಹಳ್ಳಿ. ಅಪ್ಪನ ಹಳೆಯ ಗೆಳೆಯರಾದ ಡಾಕ್ಟರ್ ಅಂಕಲ್, ಅವರ ಹೆಂಡತಿ ಆಂಟಿ ಇಬ್ಬರೂ ಜೊತೆಗೆ. ಧಾರವಾಡದ ಕಡೆಯಿಂದ ಬಂದು ಇಲ್ಲಿ ನಲವತ್ತು ವರ್ಷ ಮೂಳೆ ಕೂಡಿಸಿದ ಡಾಕ್ಟರು ಅವರು. ಟಿಕೆಟ್ ಮಾಡುವ ದಿನ ನಮ್ಮ ಮನೆಯಲ್ಲಿ ಎಲ್ಲರೂ ಕೂತಿದ್ದಾಗ ನಾನು ಹೇಳಿದೆ: "ಅಲ್ಲಿ ಒಂದು ದಿನ ನಾನು ಸ್ಕೀ ಮಾಡ್ತೀನಿ."

ಅಮ್ಮ ಆಂಟಿಯ ಕಡೆ ನೋಡಿದಳು. ಹರಕೆಯ ವಿಷಯವನ್ನು ಆಂಟಿಗೆ ಮೊದಲೇ ಹೇಳಿದ್ದಳೆಂದು ಆಂಟಿಯ ಮುಖ ನೋಡಿ ಗೊತ್ತಾಯಿತು.

"ಅಲ್ಲ ತಂಗಿ," ಎಂದರು ಅಂಕಲ್ ಅಮ್ಮನಿಗೆ, "ಹರಕಿ ಹೊರಬೇಕಾದ್ರ ನಿಂದು ಏನರ ಕೊಡಬೇಕಿತ್ತು. ಮಗಳ ಕಾಲು ಯಾಕ ಒತ್ತಿ ಇಟ್ಟಿ?"

"ಸುಮ್ನಿರ್ರಿ ನೀವು," ಎಂದರು ಆಂಟಿ. "ದೇವ್ರ ವಿಷಯದಾಗ ನಿಮ್ದೊಂದು ಚ್ಯಾಷ್ಟಿ."

"ಚ್ಯಾಷ್ಟಿ ಅಲ್ಲ, ದಾರಿ ಹೇಳಾಕತ್ತೀನಿ. ಹರಕಿಯೊಳಗ ಏನಂದಾಳ? ಹಲಗಿ ಕಟ್ಟೂದಿಲ್ಲ. ಸ್ಕೀ ಯಾರು ಕಟ್ತಾರ ಈಗ? ಬೂಟು ಒತ್ತಿದ್ರ ಟಪ್ ಅಂತ ಕೂಡ್ತದ. ಕಟ್ಟೂ ಪ್ರಶ್ನೇನ ಇಲ್ಲ!"

ಅಪ್ಪ ಜೋರಾಗಿ ನಕ್ಕರು. ಅಮ್ಮನೂ ನಗು ತಡೆದುಕೊಂಡಳು. ಆ ಕ್ಷಣ ನಾನೂ ನಕ್ಕುಬಿಟ್ಟಿದ್ದರೆ ಎಲ್ಲ ಸಲೀಸಾಗುತ್ತಿತ್ತು. ನಗಲಿಲ್ಲ. ನುಣುಚಿಕೊಳ್ಳುವ ದಾರಿ ನನಗೆ ಬೇಕಿರಲಿಲ್ಲ. ನುಣುಚಿಕೊಂಡರೆ ಹರಕೆ ಸರಿ, ನಾನು ಮಾತ್ರ ಜಾಣೆ ಎಂದಾಗುತ್ತದೆ. ಹರಕೆಯೇ ಸರಿಯಿಲ್ಲ ಎಂಬುದು ನನ್ನ ವಾದ. ಹಾಗೆಂದು ಎಲ್ಲರ ಮುಂದೆ ಹೇಳಿದೆ. ನಗು ನಿಂತಿತು. ಆಂಟಿ ಎದ್ದು ಚಹಾ ಲೋಟಗಳನ್ನು ಎತ್ತಿದರು.

ಸ್ವಿಟ್ಜರ್ಲೆಂಡಿನಲ್ಲಿ ಮೊದಲ ಎರಡು ದಿನ ನಾವು ಬೇರೆ ಯಾರಾದರೂ ಮಾಡುವಂತೆಯೇ ಪ್ರವಾಸ ಮಾಡಿದೆವು. ಕೇಬಲ್ ಕಾರಿನಲ್ಲಿ ತುದಿಯವರೆಗೆ ಹೋದೆವು. ಮೇಲೆ ಗಾಳಿ ತೆಳ್ಳಗೆ. ನಾಲ್ಕು ಮೆಟ್ಟಿಲು ಹತ್ತಿದರೆ ಅಮ್ಮ ಕಂಬಿ ಹಿಡಿದು ನಿಲ್ಲುತ್ತಿದ್ದಳು. ಸುತ್ತ ಎಷ್ಟು ದೂರ ನೋಡಿದರೂ ಬಿಳಿ ಶಿಖರಗಳು, ಒಂದರ ಹಿಂದೆ ಒಂದು. ಅಪ್ಪ ನಕ್ಷೆ ಹಿಡಿದು ಪ್ರತಿ ಶಿಖರದ ಹೆಸರನ್ನು ಓದಿ ಹೇಳಿದರು, ಯಾರೂ ಕೇಳಿಸಿಕೊಳ್ಳಲಿಲ್ಲ. ಆಂಟಿ ಕಟ್ಟಿಕೊಂಡು ಬಂದಿದ್ದ ಜೋಳದ ರೊಟ್ಟಿ ಆ ಚಳಿಗೆ ಹಪ್ಪಳದಂತೆ ಮುರಿಯುತ್ತಿತ್ತು. ಶೇಂಗಾ ಚಟ್ನಿಪುಡಿಯ ಜೊತೆ ಹಾಗೇ ಮುರಿದು ತಿಂದೆವು. ಎರಡನೆಯ ದಿನ ಕೇಬಲ್ ಕಾರಿನ ಮಧ್ಯದ ನಿಲ್ದಾಣದಿಂದ ಒಂದು ಕಾಲುದಾರಿಯಲ್ಲಿ ನಡೆದೆವು. ಹಿಮ ತುಳಿದು ಗಟ್ಟಿ ಮಾಡಿದ ದಾರಿ, ಅರಣ್ಯದ ಅಂಚಿಗೆ. ಶೂಗಳಿಗೆ ಸಣ್ಣ ಮುಳ್ಳಿನ ಪಟ್ಟಿ ಹಾಕಿಕೊಂಡಿದ್ದೆವು. ಎರಡು ಗಂಟೆ ನಡೆದ ಅಮ್ಮ ಒಮ್ಮೆಯೂ ಜಾರಲಿಲ್ಲ. ಜಾರಿದ್ದು ನಾನು, ನೀರು ಕುಡಿಯಲು ಹೋಗಿ. ಅಮ್ಮ ತೋಳು ಹಿಡಿದೆತ್ತಿದಳು. "ನೋಡು," ಎಂದಳು. ಅಷ್ಟೇ ಹೇಳಿದ್ದು.

ಮೂರನೆಯ ದಿನ ಬೆಳಿಗ್ಗೆ ಎಂಟೂವರೆಗೆ ನಾನು ಸ್ಕೀ ಬಾಡಿಗೆಯ ಅಂಗಡಿಯಲ್ಲಿದ್ದೆ. ಬೂಟಿನ ಕೊಂಡಿ ಹಾಕುವಾಗ ಅಮ್ಮ ಒಳಗೆ ಬಂದಳು. ಒಬ್ಬಳೇ. ನಾವು ಇಳಿದುಕೊಂಡಿದ್ದ ಹೋಟೆಲಿನಿಂದ ಅಷ್ಟು ದೂರ ಕೇಳಿಕೊಂಡು ನಡೆದುಬಂದಿದ್ದಳು. ನನ್ನ ಪಕ್ಕದ ಬೆಂಚಿನ ಮೇಲೆ ಕುಳಿತಳು.

"ಕೈ ಸರಿಯಾಗಿದ್ದು ಯಾರಿಂದ?"

"ಮೂಳೆ ತಾನೇ ಕೂಡಿತು. ಅಂಕಲ್‌ನ ಕೇಳು."

"ಕೇಳಿದೀನಿ. ಎಷ್ಟೋ ಸಲ ಕೂಡಲ್ಲ ಅಂದ್ರು. ನಿಂದು ಕೂಡ್ತು. ನಾನು ಮಾತು ಕೊಟ್ಟಿದೀನಿ ಕಣೇ. ಕೊಟ್ಟ ಮಾತು ಮುರಿದ್ರೆ ನಿನಗೇ ಏನಾದ್ರೂ ಆಗತ್ತೆ ಅನ್ನೋ ಭಯ ನನಗೆ. ನಿನಗೆ ಅರ್ಥ ಆಗಲ್ವಾ?"

ಅರ್ಥವಾಗುತ್ತಿತ್ತು. ಅದೇ ಕಷ್ಟ. ಅಮ್ಮ ನನ್ನನ್ನು ಹೆದರಿಸುತ್ತಿರಲಿಲ್ಲ, ಅವಳೇ ಹೆದರಿದ್ದಳು. ಅವಳ ಕೈಗವಸು ಮಡಿಲಲ್ಲಿತ್ತು, ಬೆರಳು ಬಿಳಿಚಿದ್ದವು. ಆಗ ಹೇಳಬೇಕಾದದ್ದನ್ನು ಹೇಳಿದೆ.

"ಮಾತು ಯಾವಾಗಲೋ ಮುರಿದಿದೆಯಮ್ಮ. ಈ ಚಳಿಗಾಲ ಹತ್ತು ಶನಿವಾರ ಹೋಗಿದ್ದೆ. ಆಫೀಸ್ ಅಂದಿದ್ದು ಸುಳ್ಳು. ಏನೂ ಆಗಿಲ್ಲ."

ಅವಳು ನನ್ನ ಬೂಟುಗಳನ್ನು ನೋಡಿದಳು.

"ಹತ್ತು ಸಲ?"

"ಹತ್ತು ಸಲ."

"ನಾನು ಬಿಸಿ ನೀರು ಕಾಯಿಸಿ ಕೊಟ್ಟೆನಲ್ಲೇ."

"ಸುಳ್ಳು ಹೇಳಿದ್ದು ತಪ್ಪು. ಅದಕ್ಕೆ ನಿನ್ನ ಹತ್ತಿರ ಕ್ಷಮೆ ಕೇಳ್ತೀನಿ. ಸ್ಕೀ ಮಾಡಿದ್ದಕ್ಕೆ ಕೇಳಲ್ಲ."

ಅಂಗಡಿಯವರು ಸ್ಕೀ ಕೋಲುಗಳನ್ನು ತಂದುಕೊಟ್ಟರು. ನಾನು ಎದ್ದೆ. ಆ ಬೂಟಿನಲ್ಲಿ ನಡೆಯುವುದು ಸೊಗಸಾದ ನಡಿಗೆಯಲ್ಲ. ಕಲ್ಲು ಕಟ್ಟಿಕೊಂಡಂತೆ ದಡದಡ ಸದ್ದಾಗುತ್ತದೆ. ಹಿಂದಿನಿಂದ ಅಮ್ಮ ಕರೆಯಬಹುದೆಂದು ಬಾಗಿಲವರೆಗೂ ಕಾದೆ. ಕರೆಯಲಿಲ್ಲ.

ಮೇಲಿನ ನಿಲ್ದಾಣದಿಂದ ಮಧ್ಯದ ನಿಲ್ದಾಣದವರೆಗೆ ಇಳಿಯುವ ದಾರಿಗೆ ಅಲ್ಲಿ ನೀಲಿ ಗುರುತು. ನಮ್ಮ ಕಡೆ ನೀಲಿ ಎಂದರೆ ಮಧ್ಯಮ ಕಷ್ಟದ್ದು, ಅಲ್ಲಿ ಅತಿ ಸುಲಭದ್ದು. ಅದನ್ನು ಓದಿಕೊಂಡು ಹೋಗಿದ್ದೆ. ಓದಿಕೊಂಡು ಹೋಗದ ಸಂಗತಿ ಎಂದರೆ ಅದರ ಉದ್ದ. ನಮ್ಮ ಗುಡ್ಡ ಒಂದು ನಿಮಿಷದಲ್ಲಿ ಮುಗಿಯುತ್ತದೆ, ಕಾಲು ಸೋಲುವಷ್ಟರಲ್ಲಿ ಲಿಫ್ಟಿನಲ್ಲಿ ಕುಳಿತಿರುತ್ತೇವೆ. ಇಲ್ಲಿ ಐದು ನಿಮಿಷ ಇಳಿದರೂ ಮಧ್ಯದ ನಿಲ್ದಾಣದ ಊಟದ ಹೋಟೆಲಿನ ಚಾವಣಿ ಬೆಂಕಿಪೊಟ್ಟಣದಷ್ಟೇ ಇತ್ತು. ತೊಡೆಗಳು ಉರಿಯತೊಡಗಿದವು. ಮೋಡ ಬಂದು ಬೆಳಕು ಮಂಕಾದಾಗ ನೆಲದ ಉಬ್ಬು ತಗ್ಗು ಒಂದೇ ಆಗಿ ಕಾಣಿಸಿತು. ದಾರಿಯ ಅಂಚಿನ ಕಂಬವನ್ನು ನೋಡಿಕೊಂಡು, ಒಂದು ತಿರುವು, ಉಸಿರು, ಇನ್ನೊಂದು ತಿರುವು ಎಂದು ಇಳಿದೆ.

ನಡುವೆ ಬಿದ್ದೆ. ಕಾಣದ ಒಂದು ಉಬ್ಬಿಗೆ ಎಡ ಸ್ಕೀ ತಗುಲಿ, ಸೊಂಟದ ಮೇಲೆ ಬಿದ್ದು ಒಂದಷ್ಟು ದೂರ ಜಾರಿದೆ. ಕೈಯೂರಲಿಲ್ಲ. ಎರಡೂ ಕೈ ಎದೆಗೆ ಒತ್ತಿಕೊಂಡಿದ್ದೆ. ಜಾರುವುದು ನಿಂತ ಮೇಲೆ ಹಾಗೇ ಮಲಗಿ ಯೋಚಿಸಿದ್ದು ಇಷ್ಟು: ಈಗ ನನಗೆ ಏನಾದರೂ ಆಗಿದ್ದರೆ ಅದು ಹರಕೆ ಮುರಿದದ್ದಕ್ಕೆ. ಏನೂ ಆಗದಿದ್ದರೆ ಅದು ನಂಜುಂಡನ ಕರುಣೆ. ಎರಡರಲ್ಲೂ ನನ್ನ ಮೊಣಕಾಲಿಗೆ, ಹತ್ತು ಶನಿವಾರಕ್ಕೆ, ಕೈ ಮಡಚಿಕೊಳ್ಳಲು ಕಲಿತದ್ದಕ್ಕೆ ಜಾಗವೇ ಇಲ್ಲ. ಸಿಟ್ಟು ಬಂತು, ಈ ಸಲ ತಡವಾಗದೆ. ಎದ್ದು ಹಿಮ ಕೊಡವಿ ಉಳಿದದ್ದನ್ನು ಇಳಿದೆ.

ಅಮ್ಮ ಕೇಬಲ್ ಕಾರಿನಲ್ಲಿ ಬಂದು ಆ ಊಟದ ಹೋಟೆಲಿನ ಹೊರಗಿನ ಕಟ್ಟೆಯ ಮೇಲೆ, ಕಂಬಿ ಹಿಡಿದು ನಿಂತಿದ್ದಳು. ಅವಳ ಹಿಂದೆ ಅಪ್ಪ, ಅಂಕಲ್, ಆಂಟಿ. ಬಿದ್ದದ್ದು ಅಲ್ಲಿಂದ ಕಂಡಿತ್ತು.

"ಎಲ್ಲಾದ್ರೂ ಪೆಟ್ಟಾಯ್ತಾ?"

"ಇಲ್ಲ."

"ಕೈ ತೋರ್ಸು."

ತೋರಿಸಿದೆ. ಅಂಕಲ್ ಮಣಿಕಟ್ಟು ಹಿಡಿದು ತಿರುಗಿಸಿ, "ಕಬ್ಬಿಣ ಐತಿ," ಎಂದರು. ಅಮ್ಮ ಅವರ ಕಡೆ ನೋಡಲಿಲ್ಲ.

"ಆಯ್ತು. ಒಂದು ಸಲ ಮಾಡಿದೆ, ಆಸೆ ತೀರ್ತು. ಮನೆಗೆ ಹೋದ್ಮೇಲೆ ತಪ್ಪು ಕಾಣಿಕೆ ಕಟ್ಟಿಬಿಡೋಣ. ಅವನು ಕ್ಷಮಿಸ್ತಾನೆ."

ದೇವರಿಗೆ ಕೊಟ್ಟ ಮಾತು ತಪ್ಪಿದಾಗ, ತಪ್ಪಾಯಿತು ಎಂದು ಒಪ್ಪಿಕೊಂಡು ಎತ್ತಿಡುವ ದುಡ್ಡು ತಪ್ಪು ಕಾಣಿಕೆ. ಅಮ್ಮನ ಮಟ್ಟಿಗೆ ಅದು ದೊಡ್ಡ ಔದಾರ್ಯ. ನನ್ನನ್ನು ಬಿಡಿಸಿಕೊಳ್ಳಲು ಅವಳಿಗೆ ಗೊತ್ತಿದ್ದ ಒಂದೇ ದಾರಿ. ಹೂಂ ಎನ್ನಲು ಒಂದು ಸೆಕೆಂಡು ಸಾಕಿತ್ತು.

"ಆಸೆ ತೀರಿಲ್ಲಮ್ಮ," ಎಂದೆ. "ಇನ್ನೊಂದು ಸಲ ಹೋಗಿ ಬರ್ತೀನಿ."

ಹೋದೆ. ಎರಡನೆಯ ಸಲ ಬೀಳಲಿಲ್ಲ. ಕೆಳಗೆ ಬಂದಾಗ ಅಮ್ಮ ಕಟ್ಟೆಯ ಮೇಲಿರಲಿಲ್ಲ. ತಲೆನೋವೆಂದು ಹಳ್ಳಿಗೆ ಇಳಿದುಬಿಟ್ಟಿದ್ದಾಳೆ ಎಂದರು ಅಪ್ಪ. ಮೂರನೆಯ ಸಲವೂ ಹೋದೆ.

ಉಳಿದ ದಿನಗಳಲ್ಲಿ ನಾವು ಸರೋವರ ನೋಡಿದೆವು, ರೈಲಿನಲ್ಲಿ ಸುತ್ತಿದೆವು, ಫೋಟೋ ತೆಗೆಸಿಕೊಂಡೆವು. ಅಮ್ಮ ನನ್ನೊಂದಿಗೆ ಅಗತ್ಯವಿದ್ದಷ್ಟು ಮಾತಾಡಿದಳು. ಮಾರ್ಕಮ್‌ಗೆ ಬಂದು ನಾಲ್ಕನೆಯ ದಿನ, ಶುಕ್ರವಾರ, ನಾನು ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಮಧ್ಯಾಹ್ನ ಅಮ್ಮ ಕೆಳಗಿನಿಂದ ಕರೆದಳು. ಅಡುಗೆಮನೆಯ ಕಟ್ಟೆಯ ಮೇಲೆ, ಅರಿಸಿನದ ನೀರಿನಲ್ಲಿ ಅದ್ದಿದ ಹೊಸ ಬಟ್ಟೆ. ಪಕ್ಕದಲ್ಲಿ ಒಂದು ನಾಣ್ಯ.

"ಬಾ. ನೀನೇನೂ ಹೇಳ್ಬೇಡ. ಮುಟ್ಟು ಸಾಕು, ನಾನು ಕಟ್ತೀನಿ."

"ಮುಟ್ಟಲ್ಲ."

"ಹಠ ಮಾಡಬೇಡ."

"ಹಠ ಅಂತಲೇ ಇಟ್ಕೋ. ಮುಟ್ಟಿದರೆ ತಪ್ಪು ಮಾಡಿದೆ ಅಂತ ನಾನು ಒಪ್ಪಿಕೊಂಡ ಹಾಗೆ. ನಾನು ಮಾಡಿಲ್ಲ."

"ಮುಂದೆ ಏನಾದ್ರೂ ಆದ್ರೆ?"

"ಆಗಬಹುದು. ಇನ್ನೊಂದು ಕೈ ಮುರೀಬಹುದು. ಆಗ ಬಿದ್ದಿದ್ದಕ್ಕೆ ಮುರಿದಿರತ್ತೆ, ನಿನ್ನ ಮಾತು ಮುರಿದಿದ್ದಕ್ಕಲ್ಲ. ಅಷ್ಟು ನನಗೆ ಬಿಟ್ಟುಕೊಡು."

ಅಮ್ಮ ಬಟ್ಟೆಯನ್ನು ಹಿಂಡಿದಳು, ಬಿಡಿಸಿದಳು, ಮತ್ತೆ ಹಿಂಡಿದಳು. ಅವಳ ಅಂಗೈ ಹಳದಿಯಾಗಿತ್ತು. ಕೊನೆಗೆ ನನ್ನ ಕಡೆ ನೋಡದೆ ಹೇಳಿದಳು.

"ಸರಿ. ನಿನ್ನ ಹೆಸರು ಎತ್ತಲ್ಲ. ಮಾತು ಕೊಟ್ಟವಳು ನಾನು. ಶುಕ್ರವಾರ ಶುಕ್ರವಾರ ನಾನು ಒಪ್ಪತ್ತು ಮಾಡ್ತೀನಿ, ಐದು ವಾರ. ಅದಕ್ಕೂ ಬೇಡ ಅನ್ನಬೇಡ. ಅದು ನಂದು."

"ಅನ್ನಲ್ಲ," ಎಂದೆ.

ಆ ರಾತ್ರಿ ಊಟಕ್ಕೆ ಅಪ್ಪ ಮತ್ತು ನಾನು ಮಾತ್ರ ತಟ್ಟೆ ಹಾಕಿಕೊಂಡೆವು. ಅಮ್ಮ ಒಂದು ಲೋಟ ಹಾಲು ಇಟ್ಟುಕೊಂಡು ಎದುರಿಗೆ ಕುಳಿತಳು. ಅವಳು ಹಸಿದಿದ್ದಾಳೆಂದು ನಾನು ಕಡಿಮೆ ತಿನ್ನಬಹುದೆಂದು ಅವಳಿಗೆ ಗೊತ್ತಿತ್ತು ಅನ್ನಿಸುತ್ತದೆ. ಕಣ್ಣು ನನ್ನ ತಟ್ಟೆಯ ಮೇಲೇ ಇತ್ತು. ನಾನು ಹೊಟ್ಟೆ ತುಂಬ ತಿಂದೆ.

"ನಾಳೆ ಎಷ್ಟು ಗಂಟೆಗೆ ಹೊರಡ್ತೀಯ?" ಎಂದು ಕೇಳಿದಳು. ಎಲ್ಲಿಗೆ ಎಂದು ಕೇಳಲಿಲ್ಲ.

"ಎಂಟಕ್ಕೆ. ಗುಡ್ಡಕ್ಕೆ."

ಅಪ್ಪ ತಟ್ಟೆಯಿಂದ ತಲೆಯೆತ್ತಿ ಇಬ್ಬರನ್ನೂ ನೋಡಿದರು. ಅಮ್ಮ ಸೌಟು ಎತ್ತಿಕೊಂಡಳು.

"ಹುಳಿ ಹಾಕ್ಲಾ?"

"ಹಾಕು," ಎಂದೆ.